ಉಜ್ಜನಪ್ಪನ ಅರ್ಥ್

ಎಲೆಕ್ಟ್ರಿಷಿಯನ್ ಉಜ್ಜನಪ್ಪನನ್ನು ಪ್ರೊಫೆಸರ್ ಶಶಿಧರ್ ಆರು ತಿಂಗಳ ಕಾಲ ಮಹಾಜ್ಞಾನಿ ಎಂದೇ ನಂಬಿದ್ದರು.

ಇದರಲ್ಲಿ ಉಜ್ಜನಪ್ಪನ ತಪ್ಪೇನೂ ಇಲ್ಲ. ರವೀಂದ್ರನಗರದ ಅವರ ಮನೆಯ ವೈರಿಂಗ್ ನೋಡಲು ಭದ್ರಾವತಿಯಿಂದ ಬಂದವನು ಪ್ಲಗ್ಗಿನ ಮುಂದೆ ಕುಕ್ಕರಗಾಲಲ್ಲಿ ಕೂತು, "ಏನಿದ್ದು ಏನ್ ಬಂತು ಸಾರ್, ಅರ್ಥಾನೇ ಇಲ್ಲ" ಎಂದಿದ್ದ. ಅವನು ಹೇಳಿದ್ದು ನೆಲಕ್ಕಿಳಿಯುವ ಅರ್ಥ್ ತಂತಿಯ ಮಾತು. ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದವರಿಗೆ ಕೇಳಿಸಿದ್ದು ಬದುಕಿನ ಮಾತು. ಕೋಟೆ ಬಡಾವಣೆಯ ಸಭೆಯೊಂದರಲ್ಲಿ "ನಮ್ಮ ನಡುವಿನ ಶರಣರೊಬ್ಬರು ಹೇಳಿದಂತೆ" ಎಂದು ಅದನ್ನೇ ಉದ್ಧರಿಸಿ ಚಪ್ಪಾಳೆ ಗಿಟ್ಟಿಸಿದರು. ಅವರ ಫ್ರಿಜ್ಜು ಮಾತ್ರ ಇವತ್ತಿಗೂ ಮುಟ್ಟಿದವರಿಗೆ ಶಾಕ್ ಹೊಡೆಯುತ್ತದೆ.

ಆ ಶರಣರನ್ನು ಮುಂದಿನ ಸಭೆಗೆ ಕರೆಯಲೆಂದು ಒಂದು ಬೆಳಿಗ್ಗೆ ಶಾಲಿನ ಸಮೇತ ಭದ್ರಾವತಿ ಬಸ್ಸು ಹತ್ತಿದರು.

ಕಾರ್ಖಾನೆಯ ಹಳೇ ಕ್ವಾರ್ಟರ್ಸಿನ ಹಿತ್ತಲಲ್ಲಿ ಉಜ್ಜನಪ್ಪ ಪ್ಲೈವುಡ್ ಡಬ್ಬಿಗೆ ಸ್ಪೀಕರ್ ಕೂರಿಸುತ್ತಿದ್ದ. ಡಬ್ಬಿ ಸೊಳ್ಳೆಯಂತೆ ಕುಂಯ್ ಎನ್ನುತ್ತಿತ್ತು. ಒಳಗೆ ಅವನ ಹೆಂಡತಿ ಲಿಂಗಮ್ಮ ಮುಂಬಾಗಿಲನ್ನೇ ನೋಡುತ್ತ ಕೂತಿದ್ದಳು.

"ಮರೆವು ಸಾರ್," ಎಂದ ಉಜ್ಜನಪ್ಪ. "ನಾನು ಕೆಲ್ಸ ಮಾಡ್ತಿದ್ದ ಕಾರ್ಖಾನೆ ಮುಚ್ಚಿದ್ದು ಅವ್ಳ ತಲೇಲಿಲ್ಲ. ಮಧ್ಯಾಹ್ನದ ಸೈರನ್ ಆಗ್ಬೇಕು, ನಾನು ಬರ್ಬೇಕು, ಆಮೇಲೇ ಊಟ. ಅಲ್ಲೀವರೆಗೂ ನಾನು ಯಾರೋ ರಿಪೇರಿಯವ್ನು. ಈಗ ಸೈರನ್ನೇ ಇಲ್ವಲ್ಲ, ತುತ್ತು ಮುಟ್ಟಲ್ಲ. ಮೂಗಿಗೆ ಪೈಪ್ ಹಾಕ್ಬೇಕಾಗುತ್ತೆ ಅಂದಿದಾರೆ ಡಾಕ್ಟ್ರು."

ಕೊನೆಯ ದಿನದ ಸೈರನ್ನನ್ನು ಗೆಳೆಯನೊಬ್ಬ ಮೊಬೈಲಿನಲ್ಲಿ ಹಿಡಿದಿಟ್ಟಿದ್ದ. ಸ್ಪೀಕರನ್ನು ಬೇಲಿಯಾಚೆಯ ಬೇವಿನ ಮರಕ್ಕೆ ಕಟ್ಟಿ ಹಿತ್ತಲಿನಿಂದ ಮೊಬೈಲ್ ಒತ್ತಿದರೆ ದೂರದಿಂದ ಕೂಗಿದ ಹಾಗೇ ಇರುತ್ತದೆ. ಆದರೆ ನಿನ್ನೆ ಲಿಂಗಮ್ಮ ಮೋಸ ಹೋಗಲಿಲ್ಲ. ಸೈರನ್ನಿಗೆ ಮುಂಚೆಯೇ ಕುಂಯ್ ಕೇಳಿ, "ಯಾವ್ದೋ ಮದ್ವೆಮನೆ ಮೈಕು. ನಮ್ ಸೈರನ್ ಹಿಂಗೆ ಮುಲುಕಲ್ಲ" ಎಂದು ತಟ್ಟೆ ಸರಿಸಿಬಿಟ್ಟಿದ್ದಳು.

"ಬ್ಲೂಟೂತ್ ಬೋರ್ಡು, ಆಂಪ್ಲಿಫೈಯರು, ಎರಡಕ್ಕೂ ಒಂದೇ ಬ್ಯಾಟರಿ ಕೊಟ್ಟಿದ್ದೆ ಸಾರ್. ಅರ್ಥೂ ಒಂದೇ. ಇದರ ಗಲಾಟೆ ಅದರ ಬಾಯಲ್ಲಿ ಬರ್ತಿದೆ."

ಶಶಿಧರರ ಕೈ ಶಾಲಿನ ಮೇಲೇ ನಿಂತಿತು. "ಅಂದ್ರೆ, ಅವತ್ತು ನೀವು ಹೇಳಿದ ಅರ್ಥ…"

"ತಂತಿ ಸಾರ್. ಹಾಕಿಸಿದ್ರಾ?"

ಶಶಿಧರ್ ಕೆಮ್ಮಿ ಶಾಲನ್ನು ಬ್ಯಾಗಿನ ತಳಕ್ಕೆ ತಳ್ಳಿದರು.

ಉಜ್ಜನಪ್ಪ ಹಳೇ ಫೋನಿನ ಬ್ಯಾಟರಿ ತೆಗೆದು ಬ್ಲೂಟೂತ್ ಬೋರ್ಡಿಗೆ ಬೇರೆಯಾಗಿ ಬೆಸೆದ. ಕುಂಯ್ ನಿಂತಿತು. ಆ ಕ್ವಾರ್ಟರ್ಸಿನ ಸಾಲು ಎಷ್ಟು ಖಾಲಿಯಾಗಿದೆ ಎಂಬುದು ಶಶಿಧರರಿಗೆ ಆಗ ಕೇಳಿಸಿತು.

ಮಧ್ಯಾಹ್ನ ಬೇವಿನ ಮರದಿಂದ ಸೈರನ್ ಕೂಗಿತು. ಒಳಗೆ ಎರಡು ತಟ್ಟೆ ಇಟ್ಟ ಸದ್ದು.

"ಸೈರನ್ ಆಗಿ ಎಷ್ಟೊತ್ತಾಯ್ತು, ಎಲ್ ಹಾಳಾಗೋದ್ರೋ ಇವ್ರು!"

ಉಜ್ಜನಪ್ಪ ಮಾಸಿದ ಖಾಕಿ ಅಂಗಿ ತೊಟ್ಟು, ಸೈಕಲ್ ತಳ್ಳಿಕೊಂಡು ಮನೆ ಸುತ್ತಿ ಮುಂಬಾಗಿಲಿಗೆ ಬಂದ. ಇನ್ನು ದಿನವೂ ಅವನು ಹೀಗೆಯೇ ಇಲ್ಲದ ಕಾರ್ಖಾನೆಯಿಂದ ಮನೆಗೆ ಬರಬೇಕು.

ಬಾಗಿಲಲ್ಲಿ ಶಶಿಧರ್ ನಿಂತಿದ್ದರು. ಕಣ್ಣು ಒದ್ದೆಯಾಗಿತ್ತು, ಆದರೂ ಬಾಯಿ ಸುಮ್ಮನಿರಲಿಲ್ಲ.

"ಉಜ್ಜನಪ್ಪ, ಇವತ್ತಾದ್ರೂ ಬದುಕಿಗೊಂದು ಅರ್ಥ ಸಿಕ್ತು ಅನ್ಸುತ್ತಾ ನಿಮಗೆ?"

"ಬಾಗ್ಲು ಬಿಡಿ ಸಾರ್. ಅನ್ನ ಆರೋಗುತ್ತೆ."