ಸೈಬರ್ ಅಕ್ಕನ ಕಾನೂನು

ಗಡ್ಡ ಬೋಳಿಸುವ ಬ್ರಷ್ಷೊಂದು ಸದಾ ಅವರ ಬಲಗೈಯಲ್ಲಿರುತ್ತಿತ್ತು. ಅದಿರಿನ ಲಾರಿ ಹಾದಾಗಲೆಲ್ಲ ಕೆಂಪು ದೂಳು ಒಳಗೆ ನುಗ್ಗುತ್ತಿತ್ತು. ಅವರು ಗೊಣಗುತ್ತ ಕೀಬೋರ್ಡಿನ ಸಂದಿಗಳನ್ನು ಗುಡಿಸುತ್ತಿದ್ದರು. ಹೊಸಪೇಟೆ ಬಸ್ ನಿಲ್ದಾಣದ ಹಿಂದೆ ನಾಲ್ಕು ಕಂಪ್ಯೂಟರಿನ ಸೈಬರ್ ಕೆಫೆ ನಡೆಸುತ್ತಿದ್ದ ಅವರು ನಮಗೆಲ್ಲ ಸೈಬರ್ ಅಕ್ಕ.

ಅಲ್ಲಿ ಅಕ್ಕನದೇ ಒಂದು ಕಾನೂನಿತ್ತು. ಗುರುತಿಲ್ಲದವರು ಏನನ್ನಾದರೂ ಕಳಿಸಿ ಎಂದು ಮೇಲ್ ಬರೆದಿದ್ದರೆ, ಮೊದಲು ಅಕ್ಕನೆದುರು ಗಟ್ಟಿಯಾಗಿ ಓದಬೇಕು. "ನನ್ನ ಅಂಗಡಿಯಾಗಿಂದ ಕಳ್ಳ ನಿಮ್ಮ ಮನಿ ಹೊಕ್ರ ನಾನೂ ಜವಾಬ್ದಾರಿ" ಎನ್ನುತ್ತಿದ್ದರು. ಎಲ್ಲದರಲ್ಲೂ ಮೂಗು ತೂರಿಸುತ್ತಾರೆಂದು ನನಗೆ ಸಿಟ್ಟು.

ಗಣಿಯ ಭರಾಟೆಯ ಕಾಲ. ಕಂಪ್ಲಿಯ ಅಕ್ಕಿ ಗಿರಣಿಯ ಹಮಾಲನ ಮಗಳು ನಾನು, ಹೊಸಪೇಟೆಯಲ್ಲಿ ಬಿ.ಕಾಂ. ಮುಗಿಸಿದ್ದೆ. ಉದ್ಯೋಗದ ವೆಬ್‌ಸೈಟಿನಲ್ಲಿ ಗಣಿ ಕಂಪನಿಯೊಂದರ ಜಾಹೀರಾತು ನೋಡಿ ಅರ್ಜಿ ಹಾಕಿದೆ. ಕೆಲಸ ಸಿಕ್ಕಿದೆ, ಮೂಲ ಅಂಕಪಟ್ಟಿಗಳನ್ನು ಕೊರಿಯರ್ ಮಾಡಿ ಎಂದು ಮೇಲ್ ಬಂತು. ನಮ್ಮ ಮನೆತನದಲ್ಲಿ ಒಬ್ಬರು ಓದಿದ್ದಾರೆಂಬುದಕ್ಕೆ ಇದ್ದದ್ದು ಆ ಹಾಳೆಗಳು ಮಾತ್ರ. ಅವನ್ನು ಲಕೋಟೆಗೆ ಹಾಕಿ ಅಂಟು ಹಚ್ಚಿ, ವಿಳಾಸ ಬರೆದುಕೊಳ್ಳಲು ಕೆಫೆಗೆ ಹೋದೆ.

"ಓದವ್ವ" ಎಂದರು ಅಕ್ಕ. ಓದಿದೆ. 'ಮಲಪನಗುಡಿ, ಹಳೆ ಬಾವಿ ಎದುರು' ಎಂಬ ವಿಳಾಸ ಬಂದ ಕೂಡಲೇ ಪಕ್ಕದ ಕುರ್ಚಿಯ ಲಾರಿ ಚಾಲಕನತ್ತ ತಿರುಗಿದರು.

"ಅಲ್ಲಿ ಬರೇ ಹೊಲ ಐತ್ರಿ ಅಕ್ಕಾ. ದಿನಾ ಅದ ದಾರ್‍ಯಾಗ ಹೋಗ್ತೀನಿ" ಎಂದ ಅವನು.

ಅಕ್ಕ ಲಕೋಟೆ ಕಸಿದು ಹರಿದರು. ಅಂಕಪಟ್ಟಿಗಳನ್ನು ನನ್ನ ಮಡಿಲಿಗೆ ಹಾಕಿದರು. "ಹೊಲದಾಗ ಆಫೀಸ್ ಬೆಳೀತಾವೇನವ್ವ? ಕೊರಿಯರ್ ಹುಡುಗ ಬಂದಾಗ ಕಳ್ಳ ರಸ್ತ್ಯಾಗ ನಿಂತು ಇಸ್ಕೊಂತಾನ. ಆಮ್ಯಾಲ ವಾಪಸ್ ಕೊಡಾಕ ರೊಕ್ಕ ಕೇಳ್ತಾನ."

ನಾನು ಅತ್ತೇಬಿಟ್ಟೆ. ಬಚಾವಾದೆನೆಂಬ ಅಳು ಅದು.

ಅಕ್ಕ ಅಷ್ಟಕ್ಕೆ ಬಿಡಲಿಲ್ಲ. ಆ ವೆಬ್‌ಸೈಟಿನವರಿಗೆ ನನ್ನಿಂದಲೇ ದೂರು ಬರೆಸಿದರು. ಜಾಹೀರಾತಿಗೆ ನಾವು ಹೊಣೆಯಲ್ಲ ಎಂದು ಉತ್ತರ ಬಂತು. ಅಕ್ಕ ಕೆರಳಿದರು. "ಗ್ವಾಡಿ ಇವರದು, ಬಾಡಿಗಿ ಇವರಿಗೆ. ಕಳ್ಳ ಚೀಟಿ ಅಂಟಿಸಿದ್ರ ಕೀಳೋರು ಯಾರು? ಬರಿ, ಮತ್ತ ಬರಿ!" ದಿನವೂ ಬರೆದೆವು. ಒಂಬತ್ತನೆಯ ದಿನ ಜಾಹೀರಾತು ಮಾಯವಾಗಿತ್ತು. ಅಂದು ಕೆಫೆಯಲ್ಲಿದ್ದವರಿಗೆಲ್ಲ ಅಕ್ಕ ಮಂಡಕ್ಕಿಯ ಒಗ್ಗಾಣಿ, ಮಿರ್ಚಿ ತರಿಸಿದರು.

ಈಗ ಇಂಥ ದೂರಿಗೆ ವೆಬ್‌ಸೈಟಿನವರು ಇಷ್ಟು ದಿನದೊಳಗೆ ಕ್ರಮ ಕೈಗೊಳ್ಳಲೇಬೇಕೆಂದು ಸರ್ಕಾರದ ಕಾನೂನೇ ಇದೆ. ಅದನ್ನು ನೋಡಲು ಅಕ್ಕ ಇಲ್ಲ.

ಅದೇ ಅಂಕಪಟ್ಟಿಗಳಿಂದ ನನಗೆ ಸಂಡೂರಿನ ಕಾಲೇಜೊಂದರಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿತು. ಮೊನ್ನೆ ಅವನ್ನು ಜೆರಾಕ್ಸ್ ಮಾಡಿಸುವಾಗ, ಮೂಲೆಯಲ್ಲಿದ್ದ ಹೆಬ್ಬೆರಳಿನ ಕೆಂಪು ದೂಳಿನ ಗುರುತು ನೋಡಿ ಅಂಗಡಿಯವನು "ಒರಸ್ಲೇನ್ರಿ ಮೇಡಂ?" ಎಂದ.

"ಬ್ಯಾಡಪ್ಪ" ಎಂದೆ. "ಆ ಕೈ ಬಿದ್ದಿದ್ದಕ್ಕ ಇದು ನನ್ನ ಹತ್ರ ಉಳಿದೈತಿ."