ಕೆಳಮನೆಗೆ ಕೇಳಿಸಿದ ನಡಿಗೆ

ಇಂಥ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಸ್ಟಾಫ್ ರೂಮಿನಲ್ಲಿ ಯಾರಾದರೂ "ನಮ್ಮ ಅಜ್ಜಿ ಕಂಡದ್ದಂತೆ" ಎಂದು ಶುರು ಮಾಡಿದರೆ ನಾನು ಉತ್ತರಪತ್ರಿಕೆಗಳ ಕಟ್ಟು ಎತ್ತಿಕೊಂಡು ಎದ್ದುಹೋಗುತ್ತಿದ್ದೆ. ಕಂಡವರು ಯಾವಾಗಲೂ ಬೇರೆ ಯಾರೋ, ಹೇಳುವವರು ಇನ್ಯಾರೋ. ಈಗ ನಾನೇ ಹೇಳಹೊರಟಿದ್ದೇನೆ, ಅದೂ ನಾನು ಕಣ್ಣಾರೆ ಕಾಣದ, ಕಿವಿಯಾರೆ ಕೇಳದ ಸಂಗತಿಯನ್ನು. ನಗುವುದಾದರೆ ನಗಿ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ಇಪ್ಪತ್ತು ವರ್ಷಗಳ ಹಿಂದಿನ ಮಾತು. ಕಾಪುವಿನಲ್ಲಿ ಹೈವೇಯಿಂದ ಸ್ವಲ್ಪ ಒಳಗೆ ಒಂದು ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆವು. ನಾನು ಅಲ್ಲೇ ಶಾಲೆಯಲ್ಲಿ ಟೀಚರು. ಗಂಡನಿಗೆ ಕಾರ್ಕಳದಲ್ಲಿ ಆಫೀಸು; ಬೆಳಿಗ್ಗೆ ಏಳೂವರೆಗೆ ಬಸ್ಸು ಹಿಡಿದರೆ ಮನೆ ಸೇರುವುದು ಸಂಜೆ ಏಳಕ್ಕೆ. ಕೆಳಗೆ ಮನೆಯ ಓನರು ಗಿರಿಜಕ್ಕ ಮತ್ತು ಅವರ ಮಗಳು. ಇಬ್ಬರೂ ಬೆಳಿಗ್ಗೆ ನಮ್ಮ ಹಾಲಿನ ನೇರ ಕೆಳಗಿನ ಚಾವಡಿಯಲ್ಲಿ ಕೂತು ಮಲ್ಲಿಗೆ ಕಟ್ಟುತ್ತಿದ್ದರು. ಹತ್ತರೊಳಗೆ ಕಟ್ಟಿ ಮುಗಿಸಿ ಪೇಟೆಗೆ ಕಳಿಸಬೇಕಾದ್ದರಿಂದ ರೇಡಿಯೋ ಇಲ್ಲ, ಮಾತೂ ಇಲ್ಲ.

ಪಡುಬಿದ್ರಿಯಲ್ಲಿ ಬಸ್ಸಿನಿಂದ ಇಳಿಯುವಾಗ ಬಿದ್ದು ನನ್ನ ಎಡ ತೊಡೆಯ ಮೂಳೆ ಮುರಿಯಿತು. ಮಣಿಪಾಲದಲ್ಲಿ ಆಪರೇಷನ್ ಆಗಿ, ಒಳಗೊಂದು ರಾಡ್ ಹಾಕಿಸಿಕೊಂಡು ಮನೆಗೆ ಬಂದೆ. ಹಗಲು ನೋಡಿಕೊಳ್ಳಲು ಉಡುಪಿಯ ಒಂದು ಏಜೆನ್ಸಿಯಿಂದ ಹೋಮ್ ನರ್ಸ್ ಬಂದಳು. ಹೆಸರು ಶಾಂತವ್ವ, ಗದಗದ ಕಡೆಯವಳು, ನಲವತ್ತರ ಹತ್ತಿರ ವಯಸ್ಸು. ಬಿಪಿ ನೋಡುವುದು, ಹೊಟ್ಟೆಗೆ ಇಂಜೆಕ್ಷನ್ ಚುಚ್ಚುವುದು, ಗಾಯಕ್ಕೆ ಡ್ರೆಸ್ಸಿಂಗ್, ಮೊಣಕಾಲು ಮಡಚಿಸುವುದು, ಎಲ್ಲ ಗಡಿಯಾರ ನೋಡಿಕೊಂಡೇ. ಮೂಳೆ ಕೂಡಿದೆ, ಇನ್ನು ನಡೆಸಿ ಎಂದು ಡಾಕ್ಟರು ಹೇಳಿದ ಮರುದಿನವೇ ಅವಳು ನನ್ನ ಮಂಚವಿದ್ದ ಹಾಲಿನ ಕೆಂಪು ನೆಲದ ಮೇಲೆ ಚಾಕ್‌ಪೀಸಿನಿಂದ ಆರು ಗೆರೆ ಎಳೆದಳು. ಮಂಚದ ಹತ್ತಿರ ಮೊದಲನೆಯದು, ಬಾಲ್ಕನಿಯ ಬಾಗಿಲಲ್ಲಿ ಕೊನೆಯದು. ದಿನಾ ಬೆಳಿಗ್ಗೆ ನೆಲ ಒರೆಸಿದ ಮೇಲೆ ಅವನ್ನೇ ಮತ್ತೆ ತಿದ್ದುತ್ತಿದ್ದಳು.

"ಇವತ್ತ ಮೊದಲನೇ ಗೆರಿ ತನಕ ಬರ್ರಿ ಟೀಚರ್ರ, ಸಾಕು," ಎಂದು ಒಂಬತ್ತು ಗಂಟೆಗೆ ವಾಕರ್ ತಂದು ನನ್ನ ಮುಂದೆ ನಿಲ್ಲಿಸುತ್ತಿದ್ದಳು. ನಾನು ನಾಳೆ ನೋಡೋಣ ಎನ್ನುತ್ತಿದ್ದೆ.

ಇಲ್ಲಿ ಒಂದು ಸತ್ಯ ಹೇಳಿಬಿಡುತ್ತೇನೆ. ನನಗೆ ಏಳಲು ಮನಸ್ಸೇ ಇರಲಿಲ್ಲ. ಮದುವೆಯಾದಂದಿನಿಂದ ಬೆಳಿಗ್ಗೆ ಐದಕ್ಕೆ ಎದ್ದವಳು ನಾನು. ತಿಂಡಿ, ಡಬ್ಬಿ, ಶಾಲೆ, ಬಂದ ಮೇಲೆ ಮತ್ತೆ ಒಲೆ. ಮೂಳೆ ಮುರಿದ ಮೇಲೆ ಜೀವನದಲ್ಲಿ ಮೊದಲ ಬಾರಿ ಯಾರೋ ನನ್ನ ತಲೆ ಬಾಚಿದರು, ನನಗೆ ಊಟ ತಂದಿಟ್ಟರು. ಎದ್ದರೆ ಮತ್ತೆ ಅದೇ ಐದು ಗಂಟೆ. ನೋವು ಎಂದು ಹೇಳುತ್ತಿದ್ದೆ. ನೋವು ಇದ್ದದ್ದೂ ಹೌದು, ಆದರೆ ದಣಿವು ಅದಕ್ಕಿಂತ ದೊಡ್ಡದಿತ್ತು. ಹದಿನೈದು ದಿನ ಹೀಗೇ ಹೋಯಿತು. ತಪಾಸಣೆಗೆ ಹೋದಾಗ ಡಾಕ್ಟರು ಮೊಣಕಾಲು ಮಡಚಿ ನೋಡಿ, ಇನ್ನೊಂದು ವಾರದಲ್ಲಿ ನಡೆಯಲು ಶುರು ಮಾಡದಿದ್ದರೆ ಕಾಲು ಹೀಗೇ ಸೆಟೆದು ನಿಲ್ಲುತ್ತದೆ, ಆಮೇಲೆ ನಾವೂ ಏನೂ ಮಾಡುವ ಹಾಗಿಲ್ಲ ಎಂದರು. ಮನೆಗೆ ಬಂದು ಮತ್ತೆ ಮಲಗಿದೆ.

ಮೂರು ದಿನ ಕಳೆದಿರಬೇಕು. ಸಂಜೆ ಗಿರಿಜಕ್ಕ ಮೇಲೆ ಬಂದು ನನ್ನ ಗಂಡನ ಎದುರೇ, "ನಿಮ್ಮವರು ಈಗ ಒಳ್ಳೆ ನಡೀತಾರೆ ಅಲ್ವಾ? ಇವತ್ತು ಹಾಲಿನ ನಡುವಿನ ತನಕ ಬಂದದ್ದು ನಮಗೆ ಕೆಳಗೆ ಕೇಳಿತು. ಮೊದಲು ವಾಕರ್ ಊರುವ ಶಬ್ದ, ಮತ್ತೆ ಕಾಲು. ದಿನಾ ಒಂಬತ್ತು ಗಂಟೆಗೆ ಉಂಟು," ಎಂದರು. ಅವರು ನನ್ನ ಹೆಸರಿನಲ್ಲಿ ಪೆರ್ಡೂರು ದೇವರಿಗೆ ಬಾಳೆಹಣ್ಣಿನ ಹರಕೆ ಹೇಳಿಕೊಂಡಿದ್ದರಂತೆ. ಫಲಿಸಿತು ಎಂಬ ಖುಷಿ ಅವರಿಗೆ.

ನಾನು ಮಂಚ ಬಿಟ್ಟು ಇಳಿದೇ ಇಲ್ಲ ಎಂದೆ. ಗಂಡ, ಗಿರಿಜಕ್ಕ ಇಳಿದು ಹೋದ ಮೇಲೆ, "ನಡೆಯಲು ಆಗುವುದಾದರೆ ನಾಟಕ ಯಾಕೆ?" ಎಂದರು. ಕಾಲು ಮುರಿದಾಗ ಅಳದಿದ್ದವಳು ಆ ಮಾತಿಗೆ ಅತ್ತೆ. ಅರ್ಧ ನಿಜವಾದ ಆರೋಪಕ್ಕೆ ಉತ್ತರ ಕೊಡುವುದು ಬಹಳ ಕಷ್ಟ.

ಮರುದಿನ ಶಾಂತವ್ವನಿಗೂ ಅನುಮಾನ. ನಾನು ನಾಳೆ ಎಂದ ಕೂಡಲೇ ಅವಳು ಕೆಳಗಿಳಿದು, ಆ ಹೊತ್ತಿನಲ್ಲಿ ಮನೆ ಹಿಂದಿನ ಒಗೆಯುವ ಕಲ್ಲಿನ ಮೇಲೆ ನನ್ನ ಬಟ್ಟೆ ಒಗೆಯುತ್ತಿರುತ್ತಿದ್ದಳು. ಬಗ್ಗಿ ನೆಲ ನೋಡಿದಳು. "ಗೆರಿ ಒಂಚೂರೂ ಅಳಿಸಿಲ್ರಿ. ನೀವು ನಡದಿದ್ರ ಅಳಸ್ತಿತ್ತು," ಎಂದಳು. ಅವಳೊಬ್ಬಳಾದರೂ ನಂಬಿದಳಲ್ಲ ಎಂದು ಸಮಾಧಾನವಾಯಿತು. ಆ ದಿನ ಸಂಜೆ ಗಿರಿಜಕ್ಕ ಮತ್ತೆ ಬಂದು, ಇವತ್ತು ಇನ್ನೂ ಮುಂದೆ ಹೋದಿರಿ, ಅಡುಗೆಮನೆ ಕಡೆಗೆ ಮಾತ್ರ ಒಮ್ಮೆಯೂ ಹೋಗುವುದಿಲ್ಲ ನೀವು ಎಂದು ನಕ್ಕರು.

ಅದರ ಮರುದಿನ ಶಾಂತವ್ವ ಬಟ್ಟೆ ಒಗೆಯಲು ಹೋಗಲಿಲ್ಲ. ಒಂಬತ್ತಕ್ಕೆ ಮುಂಚೆಯೇ ನನ್ನ ಮಂಚದ ತುದಿಯಲ್ಲಿ ಕೂತು, ನನ್ನ ಎಡಗಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿದಳು. ವಾಕರ್ ನಮ್ಮ ಎದುರಿಗೇ ಇತ್ತು. ಬಾಲ್ಕನಿಯ ಬಾಗಿಲಿಗೆ ಒಳಗಿನಿಂದ ಚಿಲಕ. ಚೆನ್ನಾಗಿ ಬಿಸಿಲು ಬಂದಿತ್ತು, ಹೊರಗೆ ಮೀನಿನವಳ ಕೂಗು, ಬಸ್ಸುಗಳ ಹಾರ್ನ್. ಇಬ್ಬರೂ ಕಿವಿಗೊಟ್ಟು ಕೂತೆವು. ಒಂಬತ್ತಾಯಿತು, ಒಂಬತ್ತೂಕಾಲಾಯಿತು. ನಮ್ಮ ಮನೆಯೊಳಗೆ ಗಡಿಯಾರದ ಸದ್ದು ಬಿಟ್ಟರೆ ಏನೂ ಇರಲಿಲ್ಲ.

ಆಗ ಮೆಟ್ಟಿಲ ಮೇಲೆ ದಡದಡ ಸದ್ದಾಗಿ ಗಿರಿಜಕ್ಕ ಏದುಸಿರು ಬಿಡುತ್ತ ಬಂದರು. ಕೈಯಲ್ಲಿ ಅರ್ಧ ಕಟ್ಟಿದ ಮಲ್ಲಿಗೆ ಹಾಗೇ ಇತ್ತು.

"ಎಂತ ಮಾರಾಯ್ತಿ, ವಾಕರ್ ಇಲ್ಲದೆ ನಡೆಯುವುದಾ? ಬರೀ ಕಾಲಿನ ಶಬ್ದ ಕೇಳಿತು. ಬಾಲ್ಕನಿ ತನಕ ಹೋದದ್ದು ಕೇಳಿತು, ತಿರುಗಿ ಬಂದದ್ದು ಕೇಳಲಿಲ್ಲ. ಬಿದ್ದರೋ ಅಂತ ಓಡಿ ಬಂದೆ," ಎಂದವರು ನಮ್ಮಿಬ್ಬರನ್ನೂ ನೋಡಿದರು. ನನ್ನ ಕಾಲನ್ನು ಹಿಡಿದಿದ್ದ ಶಾಂತವ್ವನ ಕೈಗಳನ್ನು ನೋಡಿದರು. ಬಾಲ್ಕನಿಯ ಚಿಲಕ ನೋಡಿದರು. ಆಮೇಲೆ ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟರು.

ನನಗೆ ಹೆದರಿಕೆ ಆಗಲಿಲ್ಲವೇ ಎಂದು ನೀವು ಕೇಳಬಹುದು. ಆಯಿತು, ಆದರೆ ಅದಕ್ಕಿಂತ ಮೊದಲು ಬಂದದ್ದು ಹೊಟ್ಟೆಕಿಚ್ಚು. ನನ್ನ ಮನೆಯಲ್ಲಿ, ನನಗೆಂದು ಎಳೆದ ಗೆರೆಗಳ ಮೇಲೆ ದಿನದಿನಕ್ಕೂ ಯಾರೋ ಗುಣವಾಗುತ್ತ ಹೋಗಿದ್ದರು. ಈಗ ಹೊರಟೂ ಹೋಗಿದ್ದರು. ನನ್ನ ಪಾಲಿಗೆ ಇದ್ದ ನಡಿಗೆಯನ್ನೇ ಹೊತ್ತುಕೊಂಡು ಹೋದರೇನೋ ಅನ್ನಿಸಿತು. ವಾಕರ್ ಎಳೆದುಕೊಂಡು ಎದ್ದುನಿಂತೆ. ಶಾಂತವ್ವ ಸೊಂಟ ಹಿಡಿದಳು. ಮೊದಲ ಗೆರೆ ಮುಟ್ಟುವಷ್ಟರಲ್ಲಿ ಬೆವರಿನಿಂದ ರವಿಕೆ ಒದ್ದೆಯಾಗಿತ್ತು.

ಬಾಲ್ಕನಿಯ ಗೆರೆ ಮುಟ್ಟಲು ನನಗೆ ತಿಂಗಳು ಹಿಡಿಯಿತು, ವಾಕರ್ ಬಿಡಲು ಇನ್ನೆರಡು ತಿಂಗಳು. ವಾಕರ್ ಬಿಟ್ಟ ದಿನ ಕೆಳಗೆ ಹೇಗೆ ಕೇಳಿಸಿತು ಎಂದು ವಿಚಾರಿಸಿ ಬರಲು ಶಾಂತವ್ವನನ್ನು ಕಳಿಸಿದೆ. ಅವಳು ಮೇಲೆ ಬರಲು ತಡಮಾಡಿದಳು.

"ಚಲೋ ಕೇಳಿಸ್ತಂತ್ರಿ," ಎಂದವಳು ವಾಕರ್ ಮಡಚಿ ಗೋಡೆಗೆ ಒರಗಿಸುತ್ತ, "ಆದ್ರ ಆವಾಗ ನಡೀತಿದ್ದದ್ದು ಕಾಲು ಎಳೀತಿರ್ಲಿಲ್ಲಂತ್ರಿ," ಎಂದಳು.

ನಾನು ಈಗಲೂ ಎಡಗಾಲು ಎಳೆಯುತ್ತೇನೆ. ಎಕ್ಸರೇ ನೋಡಿದ ಡಾಕ್ಟರುಗಳೆಲ್ಲ ಮೂಳೆ ಸರಿಯಾಗಿದೆ, ಉದ್ದ ಸರಿಯಾಗಿದೆ, ಕುಂಟಲು ಕಾರಣವೇ ಇಲ್ಲ ಎಂದರು. ತಡಮಾಡಿ ಎದ್ದದ್ದಕ್ಕೆ ಇರಬಹುದು ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಗಿರಿಜಕ್ಕನ ಕಿವಿಯ ಭ್ರಮೆ ಎನ್ನೋಣವೆಂದರೆ ಪಕ್ಕದಲ್ಲೇ ಕೂತ ಮಗಳಿಗೂ ಅದು ಕೇಳಿಸಿತ್ತು. ಆ ಬೆಳಿಗ್ಗೆ ಚಿಲಕ ಹಾಕಿದ ಬಾಗಿಲಾಚೆ ಹೋದದ್ದು ಯಾರು, ಎಲ್ಲಿಗೆ, ನನಗೆ ಗೊತ್ತಿಲ್ಲ. ನನಗಿಂತ ಚೆನ್ನಾಗಿ ಗುಣವಾಗಿತ್ತು ಎನ್ನುವುದಷ್ಟೇ ಗೊತ್ತು.