ಮುಟ್ಟಬಾರದ ಪುಟ

ಗೇಬ್ರಿಯಲ್ "ಆಗುದಿಲ್ಲ" ಎಂದದ್ದನ್ನು ದೋಹಾದಲ್ಲಿ ಕೇಳಿದವರಿಲ್ಲ. ಶಿರ್ವದ ಮನುಷ್ಯ, ಓಲ್ಡ್ ಏರ್‌ಪೋರ್ಟ್ ಬಡಾವಣೆಯ ಫ್ಲಾಟಿನಲ್ಲಿ ಸಂಸಾರ, ಸರಕು ಸಾಗಾಟದ ಕಂಪನಿಯಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸ. ಹೆಂಡತಿ ಜೂಲಿಯೆಟ್ ಮೀನು ತರಲು ಹೇಳಿದರೂ "ಆಯ್ತು", ಚರ್ಚಿನವರು ಕುರ್ಚಿ ಹೊರಲು ಕರೆದರೂ "ಆಯ್ತು". ಇಂಥವನನ್ನು ಎಲ್ಲರೂ ಒಳ್ಳೆಯವನೆನ್ನುತ್ತಾರೆ; ಹಾಗೆನ್ನಲು ಯಾರಿಗೂ ಖರ್ಚಿಲ್ಲವಲ್ಲ.

ಕಂಪನಿಯ ಟೆಂಡರಿನ ದರ ಹೊರಗೆ ಸೋರಿ, ತಪ್ಪು ಪಕ್ಕದ ಮೇಜಿನ ಯಾಕೂಬನ ತಲೆಗೆ ಬಂತು. ಯಾಕೂಬ್ ಅಂಥವನಲ್ಲ ಎಂದು ಗೇಬ್ರಿಯಲ್‌ಗೆ ಗೊತ್ತು. ಅವನ ಪಾಸ್‌ವರ್ಡನ್ನು ಬೇರೆ ಯಾರೋ ಬಳಸಿದ್ದರೆ, ಅದರ ಸುಳಿವು ಓಡುತ್ತಿರುವ ಸರ್ವರಿನ ಮೆಮೊರಿಯಲ್ಲಷ್ಟೇ ಸಿಗಬೇಕು. ಮಶೀನ್ ಬಿದ್ದರೆ, ಅಂದರೆ ಕೆಟ್ಟು ನಿಂತರೆ, ಅದೂ ಹೋಯಿತು.

ಮೆಮೊರಿ ಪುಟಗಳೆಂಬ ತುಂಡುಗಳಲ್ಲಿರುತ್ತದೆ; ಯಾವ ಪುಟ ಎಲ್ಲಿದೆ ಎಂಬುದಕ್ಕೆ ಆಪರೇಟಿಂಗ್ ಸಿಸ್ಟಮಿನ ತಿರುಳಾದ ಕರ್ನಲ್ ಒಂದು ಪಟ್ಟಿ ಇಟ್ಟಿರುತ್ತದೆ. ಆ ಪಟ್ಟಿ ಹಿಡಿದು ಪುಟ ಪುಟವನ್ನೂ ನಕಲು ಮಾಡುವ ಪ್ರೋಗ್ರಾಮನ್ನು ಗೇಬ್ರಿಯಲ್ ತಾನೇ ಬರೆದಿದ್ದ. ಆದರೆ ಕರ್ನಲ್‌ಗೂ ಮೇಲೊಬ್ಬ ಯಜಮಾನನಿದ್ದಾನೆ, ಒಂದೇ ಯಂತ್ರವನ್ನು ಹಲವು ಸರ್ವರುಗಳಿಗೆ ಹಂಚಿಕೊಡುವ ಹೈಪರ್‌ವೈಸರ್. ಅವನು ಕೆಲವು ಪುಟಗಳನ್ನು ತನಗೆಂದೇ ಕಾದಿರಿಸಿಕೊಳ್ಳುತ್ತಾನೆ. ಊರಂಚಿನ ಐನ್ ಖಾಲಿದ್ ಬಡಾವಣೆಯ ಬಾಡಿಗೆ ವಿಲ್ಲಾದಲ್ಲಿ ಮಾಲೀಕ ಬೀಗ ಹಾಕಿಟ್ಟ ಕೋಣೆಯ ಹಾಗೆ: ನಕ್ಷೆಯಲ್ಲಿ ಉಂಟು, ಒಳಗೆ ಕಾಲಿಡುವಂತಿಲ್ಲ. ಮುಟ್ಟಿದರೆ ಇಡೀ ಮಶೀನೇ ಬೀಳುತ್ತದೆ. ಆದ್ದರಿಂದ ಪ್ರೋಗ್ರಾಮು ಅವನ್ನು ಬಿಟ್ಟು ಮುಂದೆ ಹೋಗುತ್ತಿತ್ತು.

ಮ್ಯಾನೇಜರ್ ಹ್ಯೂಬರ್ಟ್‌ಗೆ ಹೀಗೆ ಬಿಡುವುದೇ ಸರಿಬರಲಿಲ್ಲ.

"ನಾಳೆ ಮೇಲಿನವರು, ಯಾಕೂಬನನ್ನು ಉಳಿಸ್ಲಿಕ್ಕೆ ಆ ಪುಟ ಬಿಟ್ಟದ್ದು ಅಂತಾರೆ. ಫುಲ್ ಕಾಪಿ ಬೇಕು."

"ಮುಟ್ಟಿದ್ರೆ ಮಶೀನ್ ಬೀಳ್ತದೆ ಸರ್."

"ಪಟ್ಟಿಯಲ್ಲಿ ಉಂಟಲ್ಲ, ಮತ್ತೆಂತ? ಯಲ್ಲಾ, ಬೇಗ ಮಾಡು."

ಇನ್ನೊಮ್ಮೆ ಹೇಳಬೇಕಿತ್ತು. ಆದರೆ ವೀಸಾ ನವೀಕರಣಕ್ಕೆ ಹ್ಯೂಬರ್ಟನ ಸಹಿಯೇ ಬೇಕು, ಮಗ ಡಿಲನ್ ಇನ್ನೂ ಶಾಲೆಯಲ್ಲಿದ್ದಾನೆ. ನಾಲಗೆ ತನ್ನ ಪಾಡಿಗೆ "ಆಯ್ತು ಸರ್" ಎಂದಿತು. ಆ ಪುಟಗಳನ್ನು ತಪ್ಪಿಸುವ ಸಾಲನ್ನು ತನ್ನ ಕೈಯಾರೆ ಅಳಿಸಿ ಕೀ ಒತ್ತಿದ. ನಕಲು ಸ್ವಲ್ಪ ದೂರ ಓಡಿತು, ಆಮೇಲೆ ಪರದೆ ಗಕ್ಕನೆ ನಿಂತಿತು. ಮಶೀನ್ ಮತ್ತೆ ಎದ್ದಾಗ ಮೆಮೊರಿ ತೊಳೆದಿಟ್ಟ ತಟ್ಟೆಯಂತಿತ್ತು. ಅಷ್ಟರವರೆಗಿನ ನಕಲಿನಲ್ಲಿ ಕೆಲಸಕ್ಕೆ ಬರುವಂಥದ್ದೇನೂ ಸಿಗಲಿಲ್ಲ.

"ಖಲಾಸ್. ಯಾಕೂಬನ ಪರವಾಗಿ ಏನೂ ಸಿಗ್ಲಿಲ್ಲ ಅಂತ ರಿಪೋರ್ಟ್ ಬರಿ," ಎಂದ ಹ್ಯೂಬರ್ಟ್. ಗೇಬ್ರಿಯಲ್ ಬರೆದುಕೊಟ್ಟ.

ಕೆಲಸ ಕಳೆದುಕೊಂಡ ಯಾಕೂಬನನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟದ್ದೂ ಅವನೇ. ಆ ಸಾಲು ಅಳಿಸಿದ್ದನ್ನು ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ಅಂದುಕೊಂಡ. ಬದಲಿಗೆ ವಿಮಾನ ಎಷ್ಟು ಗಂಟೆಗೆ ಎಂದು ಕೇಳಿದ. ಯಾಕೂಬ್ ಪೆಟ್ಟಿಗೆ ಇಳಿಸಿ ಅವನ ಎರಡೂ ಕೈ ಹಿಡಿದುಕೊಂಡ.

"ನನಗಾಗಿ ಹುಡುಕಿದ್ದು ನೀವೊಬ್ರೇ, ಗೇಬ್ರಿಯಲಣ್ಣ. ಮನೆಯಲ್ಲಿ ಹೇಳ್ತೇನೆ."

"ಆಯ್ತು," ಎಂದ ಗೇಬ್ರಿಯಲ್.